ದುಡ್ಡು ಹಾಕದೆ ಎಷ್ಟು ದೂರ ಹೋಗಬಹುದು? ಫೋನಿನ ಸ್ಟ್ರಾಟಜಿ ಗೇಮ್‌ಗಳ ಬಗ್ಗೆ ನಮ್ಮ ಗುಂಪಿನ ಅನುಭವ

ನಮ್ಮ ಕ್ಲ್ಯಾನ್‌ಗೆ, ಅಂದರೆ ಗೇಮ್‌ನಲ್ಲಿ ಒಟ್ಟಿಗೆ ಆಡುವ ತಂಡಕ್ಕೆ, ಹೊಸಬರು ಯಾರೇ ಸೇರಲಿ, ಮೊದಲು ಕೇಳುವುದು ಒಂದೇ ಮಾತು. "ಇದಕ್ಕೆ ದುಡ್ಡು ಹಾಕಬೇಕಾ?"

ಕೇಳಬೇಕಾದ ಪ್ರಶ್ನೆಯೇ ಅದು. ಪ್ಲೇ ಸ್ಟೋರ್‌ನಲ್ಲಿ ಎಲ್ಲದಕ್ಕೂ ಫ್ರೀ ಅಂತಲೇ ಇರುತ್ತದೆ, ಕೆಳಗೆ ಸಣ್ಣ ಅಕ್ಷರದಲ್ಲಿ ಇನ್-ಆಪ್ ಪರ್ಚೇಸ್ (ಆಟದೊಳಗೆ ದುಡ್ಡು ಕೊಟ್ಟು ಕೊಳ್ಳುವುದು) ಅಂತ ಒಂದು ಸಾಲು. ಆ ಒಂದು ಸಾಲಿನ ಹಿಂದೆ ಎಂತ ಉಂಟು ಅಂತ ಆಡಿ ನೋಡದೆ ಗೊತ್ತಾಗುವುದಿಲ್ಲ. ನಮ್ಮ ಗುಂಪು ಮಂಗಳೂರು, ಸುರತ್ಕಲ್, ಕಟಪಾಡಿ, ಉಡುಪಿ, ಮಣಿಪಾಲ ಅಂತ ಹರಡಿಕೊಂಡಿದೆ. ದುಬೈ, ಕುವೈತ್‌ನಲ್ಲಿ ಇರುವವರೂ ಇದ್ದಾರೆ. ಕಾಲೇಜು ಹುಡುಗರು, ಬ್ಯಾಂಕಿನವರು, ಬಂದರಿನಲ್ಲಿ ಕೆಲಸ ಮಾಡುವ ಒಬ್ಬರು ಅಣ್ಣ, ಶಾಲೆಯಲ್ಲಿ ಟೀಚರ್ ಆಗಿರುವ ಒಬ್ಬರು ಅಕ್ಕ, ಹೀಗೆ ಎಲ್ಲ ತರದವರು. ಎಲ್ಲರೂ ಸೇರಿ ಸುಮಾರು ಗೇಮ್‌ಗಳನ್ನು ಆಡಿದ್ದೇವೆ, ಕೆಲವನ್ನು ಬಿಟ್ಟಿದ್ದೇವೆ, ಕೆಲವದರ ಬಗ್ಗೆ ಇವತ್ತಿಗೂ ವಾಟ್ಸಾಪ್‌ನಲ್ಲಿ ಜಗಳ ಮುಗಿದಿಲ್ಲ. ಅದನ್ನೆಲ್ಲ ಒಟ್ಟು ಮಾಡಿ ಬರೆಯುತ್ತಿದ್ದೇನೆ. ಅಭಿಪ್ರಾಯ ನನ್ನದೇ, ಉಳಿದವರು ಒಪ್ಪದ ಕಡೆ ಅದನ್ನೂ ಹೇಳುತ್ತೇನೆ.

ನಾನು ನೋಡುವುದು ಒಂದೇ ವಿಷಯ. ಸೋತಾಗ ಯಾಕೆ ಸೋತೆ ಅಂತ ನಮಗೆ ಗೊತ್ತಾಗಬೇಕು. ಆಟಿ ತಿಂಗಳ ಮಳೆಯಲ್ಲಿ ಅಜ್ಜಿಯ ಎದುರು ಕೂತು ಚೆನ್ನೆಮಣೆ (ಮಣೆಯ ಗುಳಿಗಳಲ್ಲಿ ಕಾಯಿ ಹಾಕುತ್ತ ಹೋಗುವ ಆಟ) ಆಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 14 ಗುಳಿ, ಇಬ್ಬರಿಗೂ ಸಮ ಕಾಯಿ, ಸೋತ ಕೂಡಲೇ ಯಾವ ಗುಳಿಯಿಂದ ಎತ್ತಿದ್ದು ತಪ್ಪಾಯಿತು ಅಂತ ಕಣ್ಣಿಗೆ ಕಾಣುತ್ತದೆ, ಇನ್ನೊಂದು ಆಟ ಆಡುವ ಅನ್ನಿಸುತ್ತದೆ. ಫೋನಿನ ಗೇಮ್‌ನಲ್ಲಿ ಸೋತು ಕೂತು ಯೋಚಿಸಿದರೆ ಸಿಗುವ ಉತ್ತರ "ಅವನು ನನಗಿಂತ ಜಾಸ್ತಿ ದುಡ್ಡು ಹಾಕಿದ್ದ" ಅಂತಾದರೆ ಅಲ್ಲಿ ಕಲಿಯಲು ಏನೂ ಉಳಿಯುವುದಿಲ್ಲ. ಅದನ್ನು ಸ್ಟ್ರಾಟಜಿ ಗೇಮ್ ಅಂತ ಕರೆಯಲು ನನಗೆ ಮನಸ್ಸಿಲ್ಲ.

ಮೊದಲು ಕ್ಲ್ಯಾಶ್ ಆಫ್ ಕ್ಲ್ಯಾನ್ಸ್. ನಮ್ಮದೊಂದು ಊರು ಕಟ್ಟಿ, ಬೇರೆಯವರ ಊರಿಗೆ ಪಡೆ ನುಗ್ಗಿಸುವ ಆಟ. ಫಿನ್‌ಲ್ಯಾಂಡ್‌ನ ಸೂಪರ್‌ಸೆಲ್ ಕಂಪನಿಯದ್ದು. 2012ರಲ್ಲಿ ಐಫೋನ್‌ಗೆ, 2013ರಲ್ಲಿ ಆಂಡ್ರಾಯ್ಡ್‌ಗೆ ಬಂತು. 2016ರಲ್ಲಿ ಚೀನಾದ ಟೆನ್ಸೆಂಟ್ ಮುಂದಾಳತ್ವದ ಗುಂಪು ಕಂಪನಿಯ ದೊಡ್ಡ ಪಾಲನ್ನು ಕೊಂಡುಕೊಂಡಿತು. ಇಷ್ಟು ಹಳೆಯ ಗೇಮ್ ಇನ್ನೂ ಯಾಕೆ ನಡೆಯುತ್ತಿದೆ ಅಂದರೆ ನನ್ನ ಉತ್ತರ ಕ್ಲ್ಯಾನ್ ವಾರ್, ಎರಡು ಕ್ಲ್ಯಾನ್‌ಗಳ ನಡುವಿನ ಯುದ್ಧ. ಒಂದು ದಿನ ತಯಾರಿ, ಒಂದು ದಿನ ಯುದ್ಧ, ಒಬ್ಬೊಬ್ಬರಿಗೆ ಎರಡೇ ಅಟ್ಯಾಕ್. ಎದುರಿನವರ ಅರ್ಧ ಬೇಸ್ (ಊರು) ಒಡೆದರೆ ಒಂದು ಸ್ಟಾರ್, ಅದರ ಮುಖ್ಯ ಕಟ್ಟಡವಾದ ಟೌನ್ ಹಾಲ್ ಒಡೆದರೆ ಒಂದು, ಪೂರ್ತಿ ನೆಲಸಮ ಆದರೆ ಮೂರನೆಯದು. ನಿಯಮ ಇಷ್ಟೇ. ಆದರೆ ಈ ಎರಡು ಅಟ್ಯಾಕ್‌ಗಾಗಿ ನಮ್ಮ ಗುಂಪಿನಲ್ಲಿ ನಡೆಯುವ ಮಾತುಕತೆ ನೋಡಬೇಕು ನೀವು.

ಬಂದರಿನ ಅಣ್ಣನ ಒಂದು ಅಟ್ಯಾಕ್ ಬಗ್ಗೆ ಹೇಳುತ್ತೇನೆ. ಎದುರಿನ ಬೇಸ್‌ನಲ್ಲಿ ಕ್ಲ್ಯಾನ್ ಕ್ಯಾಸಲ್ (ಕಾವಲು ಪಡೆ ಅಡಗಿರುವ ಕಟ್ಟಡ) ನಡುಮಧ್ಯ, ಸುತ್ತ ಎರಡು ಸುತ್ತು ಗೋಡೆ. ಕೆಳಗಿನ ಬದಿಯಲ್ಲಿ ಕಟ್ಟಡಗಳ ನಡುವೆ ಎರಡು ಕಡೆ ಖಾಲಿ ಜಾಗ. ಸುಮ್ನೆ ಖಾಲಿ ಬಿಟ್ಟ ಹಾಗೆ ಕಾಣುತ್ತದೆ, ಆದರೆ ಅಳತೆ ನೋಡಿದರೆ ಅಡಗಿಸಿಡುವ ಜೈಂಟ್ ಬಾಂಬ್ ಸರಿಯಾಗಿ ಕೂರುವಷ್ಟು. ಆ ಅಣ್ಣ ಸ್ಕ್ರೀನ್‌ಶಾಟ್ ತೆಗೆದು, ಆ ಎರಡು ಜಾಗಕ್ಕೆ ಕೆಂಪು ಗುರುತು ಹಾಕಿ ಗುಂಪಿಗೆ ಕಳಿಸಿದರು, "ಹಾಗ್ ಇಲ್ಲಿ ಬರುವಾಗ ಹೀಲ್ ಮೊದಲೇ ಬಿದ್ದಿರಬೇಕು" ಅಂತ ಒಂದೇ ಸಾಲು. ಹಾಗ್ ಅಂದರೆ ಹಂದಿ ಮೇಲೆ ಕೂತು ನುಗ್ಗುವ ಸವಾರರು, ಹೀಲ್ ಅಂದರೆ ಗಾಯ ಮಾಯಿಸುವ ಮಂತ್ರ. ಅಟ್ಯಾಕ್ ಶುರುವಾದಾಗ ಮೂಲೆಯಿಂದ ಆರ್ಚರ್ ಕ್ವೀನ್ ಅನ್ನುವ ಹೀರೋ, ಹಿಂದೆ ಅವಳ ಗಾಯ ಮಾಯಿಸುವ ಹೀಲರ್‌ಗಳು. ವಾಲ್ ಬ್ರೇಕರ್ ಗೋಡೆ ತೆಗೆದವು, ಕ್ವೀನ್ ಒಳಗೆ ಹೋದಳು, ಕ್ಯಾಸಲ್‌ನಲ್ಲಿದ್ದ ಪಡೆ ಹೊರಗೆ ಬಂತು, ಅದರ ಮೇಲೆ ಪಾಯ್ಸನ್ (ವಿಷದ ಮಂತ್ರ) ಬಿತ್ತು. ಆಮೇಲೆ ಕೆಳಗಿನಿಂದ ಹಾಗ್ ರೈಡರ್‌ಗಳು. ಕೆಂಪು ಗುರುತಿನ ಜಾಗಕ್ಕೆ ಅವು ಕಾಲಿಡುವ ಮೊದಲು ಹೀಲ್ ಬಿದ್ದಿತ್ತು, ಬಾಂಬ್ ಸಿಡಿಯಿತು, ಹಾಗ್‌ಗಳು ಬದುಕಿದವು. ಮೂರು ಸ್ಟಾರ್. ಅದೇ ಬೇಸ್‌ಗೆ ಅದೇ ಪಡೆ ತೆಗೆದುಕೊಂಡು ಹೋದ ಮಣಿಪಾಲದ ಹುಡುಗನಿಗೆ ಹೀಲ್ ಒಂದು ಕ್ಷಣ ತಡವಾಗಿ ಎರಡು ಸ್ಟಾರ್‌ಗೆ ನಿಂತಿತ್ತು. ಇಬ್ಬರದ್ದೂ ರಿಪ್ಲೇ ಉಂಟು, ಪಕ್ಕ ಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ಯಾವ ಜಾಗದಲ್ಲಿ ಆಯಿತು ಅಂತ ಬೆರಳಿಟ್ಟು ತೋರಿಸಬಹುದು. ಇಬ್ಬರೂ ಒಂದು ರೂಪಾಯಿ ಹಾಕಿದವರಲ್ಲ. ನಾನು ಹೇಳುವ ಸ್ಟ್ರಾಟಜಿ ಅಂದರೆ ಇದು.

ವಾರ್ ದಿನದ ಕೊನೆಯ ಗಂಟೆಗಳಲ್ಲಿ ಗಲ್ಫ್‌ನವರ ಆಟ ಶುರು. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಕುವೈತ್ ಎರಡೂವರೆ ಗಂಟೆ ಹಿಂದೆ, ಅವರು ಡ್ಯೂಟಿ ಮುಗಿಸಿ ರೂಮಿಗೆ ಬಂದು ಊಟ ಮಾಡಿ ಫೋನ್ ಹಿಡಿಯುವಾಗ ಇಲ್ಲಿ ಅರ್ಧ ಜನ ಮಲಗಿರುತ್ತಾರೆ. ಊರಲ್ಲಿ ರಾತ್ರಿಯಿಡೀ ಯಕ್ಷಗಾನ ನೋಡಲು ಹೋದವರು ಎದ್ದಿರುತ್ತಾರೆ, ಅವರಿಗೂ ಗಲ್ಫ್‌ನವರಿಗೂ ನಡುರಾತ್ರಿ ಪ್ಲ್ಯಾನ್ ನಡೆಯುತ್ತದೆ. ಊರು ಬಿಟ್ಟು ವರ್ಷಗಟ್ಟಲೆ ದೂರ ಇರುವವರಿಗೆ ದಿನಾ ಊರಿನವರ ಜೊತೆ ಎರಡು ಮಾತಾಡಲು ಇದೊಂದು ನೆಪ. "ಎಂತ ಮಾರಾಯ, ಅಟ್ಯಾಕ್ ಮಾಡಿದ್ದೀಯಾ?" ಅಂತ ಶುರುವಾದ ಮಾತು ಮಳೆ, ಮನೆ, ಮದುವೆ ಅಂತ ಎಲ್ಲಿಗೋ ಹೋಗುತ್ತದೆ. ಇದಕ್ಕೆ ನಾನು ತುಂಬಾ ಬೆಲೆ ಕೊಡುತ್ತೇನೆ.

ಈಗ ದುಡ್ಡಿನ ಮಾತು. ಈ ಗೇಮ್‌ನಲ್ಲಿ ದುಡ್ಡು ಹಾಕಿದರೆ ಸಿಗುವುದು ಮುಖ್ಯವಾಗಿ ಸಮಯ. ಕಟ್ಟಡ ಬೇಗ ಮುಗಿಯುತ್ತದೆ, ಮುಂದಿನ ಟೌನ್ ಹಾಲ್‌ಗೆ ಬೇಗ ಹೋಗಬಹುದು. ವಾರ್‌ನಲ್ಲಿ ಹೆಚ್ಚುಕಡಿಮೆ ಸಮಬಲದವರನ್ನೇ ಎದುರು ಹಾಕುವುದರಿಂದ ನೀವು ನಿಧಾನಕ್ಕೆ ಹೋದರೂ ಆಟ ಕೆಡುವುದಿಲ್ಲ. ಹೊಸಬರಿಗೆ ನಾನು ಯಾವಾಗಲೂ ಹೇಳುವುದು ಜೆಮ್ಸ್ (ಆಟದೊಳಗಿನ ಬೆಲೆಬಾಳುವ ಹರಳು) ಬಗ್ಗೆ. ಸಿಕ್ಕಿದ ಕೂಡಲೇ ಕಟ್ಟಡ ಬೇಗ ಮುಗಿಸಲು ಖರ್ಚು ಮಾಡಬೇಡಿ. ಕಟ್ಟಡ ಕಟ್ಟುವ ಬಿಲ್ಡರ್‌ಗಳಿಗೆ ಉಳಿಸಿ: ಮೂರನೇ ಬಿಲ್ಡರ್‌ಗೆ 500 ಜೆಮ್ಸ್, ನಾಲ್ಕನೆಯದಕ್ಕೆ 1000, ಐದನೆಯದಕ್ಕೆ 2000. ಮರ, ಪೊದೆ, ಕಲ್ಲು ತೆಗೆದರೆ ಜೆಮ್ಸ್ ಸಿಗುತ್ತದೆ, ಅಚೀವ್‌ಮೆಂಟ್‌ಗಳಿಂದ ಇನ್ನೂ ಜಾಸ್ತಿ ಸಿಗುತ್ತದೆ. ತಾಳ್ಮೆ ಇದ್ದರೆ ಐದು ಬಿಲ್ಡರ್‌ಗಳೂ ಪುಕ್ಕಟೆ ಬರುತ್ತಾರೆ. ಅಲ್ಲಿಯವರೆಗೆ ಆಟ ನಿಧಾನ ಅನ್ನಿಸುತ್ತದೆ ನಿಜ, ಆದರೆ ಆಮೇಲೆ ದುಡ್ಡು ಹಾಕಿದವರಿಗೂ ನಿಮಗೂ ದೊಡ್ಡ ಅಂತರ ಕಾಣುವುದಿಲ್ಲ.

ಹಿಂದೆ ಪಡೆ ತಯಾರಾಗಲು ಕಾಯಬೇಕಿತ್ತು, ಅದಕ್ಕೆ ಎಲಿಕ್ಸಿರ್ (ಆಟದೊಳಗೆ ಒಟ್ಟು ಮಾಡುವ ಸಂಪತ್ತು) ಖರ್ಚೂ ಇತ್ತು. ಖರ್ಚನ್ನು 2022ರಲ್ಲಿ ತೆಗೆದರು, ಕಾಯುವುದನ್ನು 2025ರಲ್ಲಿ ತೆಗೆದರು. ಈಗ ಎಷ್ಟು ಅಟ್ಯಾಕ್ ಬೇಕಾದರೂ ಮಾಡಬಹುದು. ಹಳಬರಲ್ಲಿ ಕೆಲವರಿಗೆ ಇದು ಇಷ್ಟವಾಗಲಿಲ್ಲ. ಕಾಯುವ ಹೊತ್ತು ಇದ್ದದ್ದರಿಂದ ಫೋನ್ ಕೆಳಗಿಡುತ್ತಿದ್ದೆವು, ಈಗ ಇಡುವುದಿಲ್ಲ ಅಂತ ಟೀಚರ್ ಅಕ್ಕ ಹೇಳಿದರು. ಅವರ ಮಾತಿನಲ್ಲಿ ಸತ್ಯ ಉಂಟು. ಆದರೂ ಕಲಿಯುವವರಿಗೆ ಇದು ದೊಡ್ಡ ಉಪಕಾರ. ಒಂದು ತರದ ಅಟ್ಯಾಕ್ ಕೈಗೆ ಹತ್ತಬೇಕಾದರೆ ಮತ್ತೆ ಮತ್ತೆ ಮಾಡಬೇಕು, ಮೊದಲು ಅದಕ್ಕೆ ಗಂಟೆಗಟ್ಟಲೆ ಕಾಯಬೇಕಿತ್ತು.

ನನಗೆ ಬೇಸರ ಇರುವುದು ಹೀರೋ ಇಕ್ವಿಪ್‌ಮೆಂಟ್, ಅಂದರೆ ಹೀರೋಗಳಿಗೆ ತೊಡಿಸುವ ಸಲಕರಣೆಗಳ ಬಗ್ಗೆ. 2023ರ ಕೊನೆಗೆ ಬಂದ ವ್ಯವಸ್ಥೆ ಅದು. ಅದರಲ್ಲಿ ಎಪಿಕ್ ಅನ್ನುವ ದರ್ಜೆಯದ್ದು ಬೆಳೆಸಲು ಸ್ಟಾರಿ ಓರ್ ಅನ್ನುವ ಅದಿರು ಬೇಕು, ಅದು ಪುಕ್ಕಟೆ ಆಡುವವರ ಕೈಗೆ ಸಿಗುವುದು ಹನಿ ಹನಿಯಾಗಿ. ಇಲ್ಲಿ ಮಾತ್ರ ದುಡ್ಡು ಹಾಕಿದವರಿಗೆ ಸಮಯದ ಜೊತೆಗೆ ಬಲವೂ ಸಿಗುತ್ತದೆ. ಹೀಗೆಯೇ ಮುಂದುವರಿದರೆ ಈ ಗೇಮ್ ತನ್ನ ಒಳ್ಳೆಯ ಗುಣವನ್ನೇ ಕಳೆದುಕೊಳ್ಳುತ್ತದೆ ಅನ್ನುವ ಹೆದರಿಕೆ ನನಗಿದೆ. ಸದ್ಯಕ್ಕೆ ಹಾಗಾಗಿಲ್ಲ. ತಿಂಗಳಿಗೊಮ್ಮೆ ನಡೆಯುವ ಲೀಗ್‌ನಲ್ಲಿ ಎಂಟು ಕ್ಲ್ಯಾನ್ ಸೇರಿ ಏಳು ಸುತ್ತು ಆಡುತ್ತವೆ, ದಿನಕ್ಕೆ ಒಂದೇ ಅಟ್ಯಾಕ್. ಅಲ್ಲಿ ನಮ್ಮ ಪುಕ್ಕಟೆ ಆಟಗಾರರೇ ಎಷ್ಟೋ ಸಲ ಕ್ಲ್ಯಾನ್ ಮರ್ಯಾದೆ ಉಳಿಸಿದ್ದಾರೆ.

ಕ್ಲ್ಯಾಶ್ ರಾಯಲ್ ಅದೇ ಕಂಪನಿಯದ್ದು, 2016ರದ್ದು. ಆಟದ ಯೋಚನೆ ಮಾತ್ರ ತೆಗೆದುಕೊಂಡರೆ ಇದು ನನಗೆ ಇನ್ನೂ ಜಾಸ್ತಿ ಇಷ್ಟ. ಕಾರ್ಡ್ ಹಾಕಿ ಪಡೆ ಇಳಿಸಿ ಎದುರಿನವನ ಗೋಪುರ ಒಡೆಯಬೇಕು. ಎಂಟು ಕಾರ್ಡ್, ಅವನ್ನು ಹಾಕಲು ಖರ್ಚಾಗುವ, ಹತ್ತರವರೆಗೆ ತುಂಬುವ ಎಲಿಕ್ಸಿರ್, ಮೂರು ನಿಮಿಷ, ಸಮ ಆದರೆ ಸ್ವಲ್ಪ ಹೆಚ್ಚು ಸಮಯ. ಎದುರಿನವನ ಕೈಯಲ್ಲಿ ಈಗ ಯಾವ ಕಾರ್ಡ್ ಉಂಟು, ಅವನ ಎಲಿಕ್ಸಿರ್ ಎಷ್ಟು ಉಳಿದಿದೆ ಅಂತ ಮನಸ್ಸಲ್ಲೇ ಲೆಕ್ಕ ಇಡಬೇಕು. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಬಸ್ಸಿಗೆ ಕಾಯುವಾಗ ಒಂದು ಆಟ ಮುಗಿಯುತ್ತದೆ.

ತೊಂದರೆ ಇರುವುದು ಕಾರ್ಡಿನ ಲೆವೆಲ್‌ನಲ್ಲಿ. ಸಮ ಲೆವೆಲ್ ಇದ್ದಾಗ ಲಾಗ್ (ಮರದ ದಿಮ್ಮಿಯ ಕಾರ್ಡ್) ಉರುಳಿಸಿದರೆ ಬಾಣ ಬಿಡುವ ಪ್ರಿನ್ಸೆಸ್ ಕಾರ್ಡ್ ಸಾಯುತ್ತಾಳೆ. ಎದುರಿನವನ ಪ್ರಿನ್ಸೆಸ್ ಲೆವೆಲ್ ಮೇಲಿದ್ದರೆ ಅದೇ ಲಾಗ್ ತಾಗಿಯೂ ಚೂರು ಜೀವ ಇಟ್ಟುಕೊಂಡು ನಿಂತು ಬಾಣ ಬಿಡುತ್ತಲೇ ಇರುತ್ತಾಳೆ. ನೀವು ಸರಿಯಾದ ಕಾರ್ಡನ್ನು ಸರಿಯಾದ ಹೊತ್ತಿಗೆ ಹಾಕಿದ್ದೀರಿ, ಆದರೂ ಸೋತಿರಿ. ಇಂಥ ಸೋಲಿನಿಂದ ಏನು ಕಲಿಯುವುದು ಹೇಳಿ? ಮೇಲಿನ ಅರೆನಾಗಳಿಗೆ (ಹಂತಗಳಿಗೆ) ಹೋದ ಹಾಗೆ ಇದು ಜಾಸ್ತಿ ಆಗುತ್ತದೆ. ಎಲ್ಲರೂ ಕಷ್ಟಪಟ್ಟು ಮೇಲಿನ ಲೆವೆಲ್‌ಗೆ ಬರುವ ಹೊತ್ತಿಗೆ ಕಂಪನಿ ಅದರ ಮೇಲೆ ಇನ್ನೊಂದು ಲೆವೆಲ್ ಇಡುತ್ತದೆ. ಮಣಿಪಾಲದ ಹುಡುಗರು ಇದನ್ನು ಒಪ್ಪುವುದಿಲ್ಲ. ಒಂದೇ ಡೆಕ್ (ಎಂಟು ಕಾರ್ಡಿನ ಗುಂಪು) ಹಿಡಿದು ಅದನ್ನು ಮಾತ್ರ ಬೆಳೆಸಿದರೆ ದುಡ್ಡು ಹಾಕದೆಯೂ ಮೇಲಕ್ಕೆ ಹೋಗಬಹುದು ಅಂತ ಅವರ ವಾದ. ಹೋಗಬಹುದು, ಅವರು ಹೋಗಿದ್ದಾರೆ ಕೂಡ. ಆದರೆ ವರ್ಷಗಟ್ಟಲೆ ಅದೇ ಎಂಟು ಕಾರ್ಡ್‌ನಲ್ಲಿ ಆಡಬೇಕಾದರೆ ಉಳಿದ ಅಷ್ಟೊಂದು ಕಾರ್ಡ್ ಇದ್ದು ಪ್ರಯೋಜನವೇನು? ಹೊಸ ಡೆಕ್ ಕಟ್ಟಿ ಪ್ರಯೋಗ ಮಾಡುವುದೇ ಈ ಆಟದ ಮಜಾ, ಆ ಮಜಾವೇ ದುಡ್ಡಿಲ್ಲದವರಿಗೆ ಸಿಗುವುದಿಲ್ಲ. ನನ್ನ ಸಲಹೆ: ಲೆವೆಲ್ ಸಮ ಮಾಡಿ ಆಡಿಸುವ ಪಂದ್ಯಗಳು ಬಂದಾಗ ಆಡಿ, ಗೆಳೆಯರ ಜೊತೆ ಆಡಿ. ಟ್ರೋಫಿ ಏರಿಸುವ ಹಠ ಬೇಡ.

ಇನ್ನು ಸಾಮ್ರಾಜ್ಯ ಕಟ್ಟುವ ಗೇಮ್‌ಗಳು. ರೈಸ್ ಆಫ್ ಕಿಂಗ್‌ಡಮ್ಸ್, ಲಾರ್ಡ್ಸ್ ಮೊಬೈಲ್, ವೈಟ್‌ಔಟ್ ಸರ್ವೈವಲ್, ಲಾಸ್ಟ್ ವಾರ್, ಈ ಜಾತಿಯವು ಬೇಕಾದಷ್ಟು ಉಂಟು. ಹೆಸರು, ಚಿತ್ರ ಬೇರೆ ಬೇರೆ, ಒಳಗಿನ ಯಂತ್ರ ಹೆಚ್ಚುಕಡಿಮೆ ಒಂದೇ. ಒಂದು ದೊಡ್ಡ ನಕ್ಷೆ, ಅದರಲ್ಲಿ ನಿಮ್ಮದೊಂದು ಕೋಟೆ, ಅಕ್ಕಪಕ್ಕ ನಿಜವಾದ ಆಟಗಾರರು. ಅಲಯನ್ಸ್ (ಆಟಗಾರರ ಕೂಟ) ಸೇರಬೇಕು, ಧಾನ್ಯ ಮರ ಕಲ್ಲು ಒಟ್ಟು ಮಾಡಬೇಕು, ಪಡೆ ಬೆಳೆಸಬೇಕು. ಇದರಲ್ಲಿ ಒಳ್ಳೆಯದೇ ಇಲ್ಲ ಅಂತ ನಾನು ಹೇಳುವುದಿಲ್ಲ. ರೈಸ್ ಆಫ್ ಕಿಂಗ್‌ಡಮ್ಸ್‌ನಲ್ಲಿ ಹೊರಟ ಪಡೆಯನ್ನು ದಾರಿ ಮಧ್ಯದಲ್ಲೇ ಬೇರೆ ಕಡೆಗೆ ತಿರುಗಿಸಬಹುದು, ಹತ್ತಾರು ಜನ ಒಟ್ಟಿಗೆ ಒಂದು ಕಣಿವೆ ಬಾಗಿಲಿನಲ್ಲಿ ಹೋರಾಡುವಾಗ ಮೈ ಜುಂ ಅನ್ನುತ್ತದೆ. ಬೇರೆ ಬೇರೆ ದೇಶದವರ ಜೊತೆ ಒಪ್ಪಂದ ಮಾಡಬೇಕು, ಯಾರನ್ನು ನಂಬಬೇಕು ಅಂತ ತೂಗಿ ನೋಡಬೇಕು. ಆ ಭಾಗ ನಿಜವಾಗಿಯೂ ರಾಜಕೀಯ.

ಆದರೆ ಇಡೀ ಆಟ ನಿಂತಿರುವುದು ಭಯದ ಮೇಲೆ. ಕೋಟೆಗೆ ಶೀಲ್ಡ್ ಹಾಕಿದರೆ ಯಾರೂ ಮುಟ್ಟುವ ಹಾಗಿಲ್ಲ. ಶೀಲ್ಡ್ ಮುಗಿದ ಕೂಡಲೇ ಯಾರು ಬೇಕಾದರೂ ಬರಬಹುದು. ಗಾಯವಾದ ಪಡೆಗೆ ಆಸ್ಪತ್ರೆ ಉಂಟು, ಆಸ್ಪತ್ರೆ ತುಂಬಿದ ಮೇಲೆ ಬಂದವರು ಸತ್ತೇ ಹೋಗುತ್ತಾರೆ. ತಿಂಗಳುಗಟ್ಟಲೆ ಬೆಳೆಸಿದ ಪಡೆ ನೀವು ನಿದ್ದೆ ಮಾಡುವ ಹೊತ್ತಿಗೆ ಮಾಯ. ನಮ್ಮ ಕಟಪಾಡಿಯ ಹುಡುಗನೊಬ್ಬನಿಗೆ ಇಂಥದ್ದೇ ಒಂದು ಗೇಮ್‌ನಲ್ಲಿ ಹೀಗಾಯಿತು, ಗೇಮ್‌ನ ಹೆಸರು ಇಲ್ಲಿ ಬೇಡ. ಜೂನ್ ತಿಂಗಳ ಗಾಳಿಮಳೆ, ಸಂಜೆಯೇ ಕರೆಂಟ್ ಹೋಗಿ ಟವರ್ ಕೂಡ ಸತ್ತಿತ್ತು. ಇಲ್ಲಿ ಮಳೆಗಾಲದಲ್ಲಿ ಇದು ಮಾಮೂಲು, ಮರ ಬಿದ್ದರೆ ಲೈನ್ ಸರಿಯಾಗುವುದು ಯಾವಾಗ ಅಂತ ಹೇಳಲು ಆಗುವುದಿಲ್ಲ. ಬೆಳಿಗ್ಗೆ ನೆಟ್‌ವರ್ಕ್ ಬಂದು ಗೇಮ್ ತೆರೆದರೆ ಕೋಟೆಗೆ ಬೆಂಕಿ ಹತ್ತಿದೆ, ಪಡೆ ಸೊನ್ನೆ. ಅದರ ಮೇಲೆ ಸ್ಕ್ರೀನ್ ತುಂಬ ಬಂದ ಮೊದಲ ಚಿತ್ರ ಯಾವುದು ಗೊತ್ತಾ? ಪಡೆ ಮತ್ತೆ ಬೇಗ ಬೆಳೆಸಲು ದುಡ್ಡು ಕೊಟ್ಟು ಕೊಳ್ಳುವ ಸ್ಪೀಡಪ್ ಪ್ಯಾಕ್, ಮೂಲೆಯಲ್ಲಿ ಇಳಿಯುತ್ತಿರುವ ಗಡಿಯಾರ, ಇಷ್ಟು ಹೊತ್ತಿನೊಳಗೆ ಕೊಂಡರೆ ಮಾತ್ರ ಈ ಬೆಲೆ ಅಂತ. ಅದನ್ನು ಮುಚ್ಚುವ ಗುರುತು ಬೆರಳಿಗೆ ಸಿಗದಷ್ಟು ಸಣ್ಣದು. ಮುಚ್ಚಿದರೆ ಅದರ ಹಿಂದೆ ಇನ್ನೊಂದು. ಇದನ್ನು ನೋಡಿದಾಗ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಮನುಷ್ಯನಿಗೆ ನೋವಾದ ಕ್ಷಣವನ್ನೇ ಕಾದು ಕೂತು ಅಂಗಡಿ ತೆರೆಯುವುದು ಅಂದರೆ ಏನರ್ಥ?

ಈ ಪ್ಯಾಕ್‌ಗಳ ಬೆಲೆಯನ್ನೂ ನೋಡಿ. ಮೊದಲನೆಯದು ನೂರು ರೂಪಾಯಿ ಆಸುಪಾಸು, ಅಷ್ಟಕ್ಕೆ ತುಂಬಾ ಕೊಡುತ್ತಾರೆ, ಲಾಭ ಅಂತಲೇ ಅನ್ನಿಸುತ್ತದೆ. ಕೊಂಡ ಕೂಡಲೇ ಅದು ಮಾಯವಾಗಿ ಅದರ ಜಾಗಕ್ಕೆ ಇನ್ನೂ ದೊಡ್ಡದು ಬರುತ್ತದೆ, ಅದನ್ನು ಕೊಂಡರೆ ಅದಕ್ಕಿಂತ ದೊಡ್ಡದು. ಕೊನೆಯ ಮೆಟ್ಟಿಲಿನಲ್ಲಿ ಸಾವಿರಗಟ್ಟಲೆ. ಜೊತೆಗೆ ವಿಐಪಿ ಲೆವೆಲ್ ಅಂತ ಒಂದು. ವಿಐಪಿ ಏರಿದ ಹಾಗೆ ಕಟ್ಟುವುದು ಬೇಗ, ಒಟ್ಟುಮಾಡುವುದು ಬೇಗ, ಹೊಡೆಯುವ ಬಲವೂ ಹೆಚ್ಚು. ಪುಕ್ಕಟೆ ಆಡುವವರಿಗೂ ದಿನಕ್ಕಿಷ್ಟು ಅಂತ ಪಾಯಿಂಟ್ ಸಿಗುತ್ತದೆ, ಆದರೆ ದುಡ್ಡು ಹಾಕಿದವನು ಒಂದು ಸಂಜೆಯಲ್ಲಿ ಹೋಗುವ ದೂರಕ್ಕೆ ನಿಮಗೆ ವರ್ಷಗಳೇ ಬೇಕು. ಒಂದು ಸರ್ವರ್‌ನಲ್ಲಿ (ಒಂದೇ ನಕ್ಷೆಯಲ್ಲಿ ಆಡುವವರ ಗುಂಪಿನಲ್ಲಿ) ನಾಲ್ಕೈದು ಜನ ಹೀಗೆ ದುಡ್ಡು ಸುರಿಯುವವರು ಇರುತ್ತಾರೆ, ಉಳಿದ ನಾವೆಲ್ಲ ಅವರ ಅಲಯನ್ಸ್‌ನಲ್ಲಿ ಜಾಗ ಸಿಕ್ಕಿದರೆ ಸಾಕು ಅಂತ ಇರಬೇಕು. ಸ್ವಲ್ಪ ಸಮಯ ಕಳೆದರೆ ಹೊಸ ಸರ್ವರ್ ತೆರೆಯುತ್ತಾರೆ, ಹಳೆಯದು ಖಾಲಿಯಾಗುತ್ತ ಬರುತ್ತದೆ, ಅಲ್ಲಿ ಹಾಕಿದ ಶ್ರಮ ಅಲ್ಲೇ.

ಇದರಲ್ಲಿ ದುಡ್ಡು ಹಾಕುವವರನ್ನು ನಾನು ಬೈಯುವುದಿಲ್ಲ. ದುಬೈಯಲ್ಲಿರುವ ನಮ್ಮ ಒಬ್ಬರು ಹಿರಿಯರು ತಿಂಗಳಿಗೆ ಇಷ್ಟು ಅಂತ ಇಟ್ಟುಕೊಂಡು ಹಾಕುತ್ತಾರೆ, ಅದಕ್ಕಿಂತ ಒಂದು ದಿರ್ಹಂ ಜಾಸ್ತಿ ಇಲ್ಲ. ಸಿನಿಮಾಕ್ಕೆ ಹೋಗುವುದಿಲ್ಲ, ಬೇರೆ ಅಭ್ಯಾಸ ಇಲ್ಲ, ನನಗೆ ಇದೇ ಖುಷಿ ಅನ್ನುತ್ತಾರೆ. ಅವರ ದುಡ್ಡು, ಅವರ ಖುಷಿ. ನನ್ನ ತಕರಾರು ಗೇಮ್ ಮಾಡಿದವರ ಮೇಲೆ. ಮಿತಿ ಇಟ್ಟುಕೊಳ್ಳಲು ಗೊತ್ತಿಲ್ಲದವರನ್ನು ಹುಡುಕಿ ಹಿಡಿಯುವ ಹಾಗೆ ಇದನ್ನು ಕಟ್ಟಿದ್ದಾರೆ.

ಮತ್ತೊಂದು ವಿಷಯ ಜನ ಬೇಗ ಮರೆತುಬಿಟ್ಟಿದ್ದಾರೆ. ಗೇಮ್‌ನಲ್ಲಿ ಕೊಂಡದ್ದು ಯಾವತ್ತೂ ನಿಮ್ಮದಲ್ಲ. 2020ರ ಜೂನ್ 29ರಂದು ಕೇಂದ್ರ ಸರಕಾರ 59 ಆಪ್‌ಗಳನ್ನು ಬ್ಯಾನ್ ಮಾಡಿತು, ಟಿಕ್‌ಟಾಕ್ ಗಲಾಟೆಯಲ್ಲಿ ಆ ಪಟ್ಟಿಯಲ್ಲಿ ಕ್ಲ್ಯಾಶ್ ಆಫ್ ಕಿಂಗ್ಸ್ ಕೂಡ ಇತ್ತು ಅಂತ ಯಾರೂ ಗಮನಿಸಲಿಲ್ಲ. ಸೆಪ್ಟೆಂಬರ್ 2ಕ್ಕೆ ಇನ್ನೂ 118 ಆಪ್‌ಗಳು. ಪಬ್‌ಜಿ ಹೋಯಿತು ಅಂತ ಎಲ್ಲರೂ ಅತ್ತರು, ಅದೇ ಪಟ್ಟಿಯಲ್ಲಿ ರೈಸ್ ಆಫ್ ಕಿಂಗ್‌ಡಮ್ಸ್ ಇತ್ತು. ವರ್ಷಗಟ್ಟಲೆ ದುಡ್ಡು ಹಾಕಿ ಕಟ್ಟಿದ ಕೋಟೆ ಇದ್ದವರ ಸ್ಥಿತಿ ಯೋಚಿಸಿ. ಬ್ಯಾನ್ ಸರಿಯಾ ತಪ್ಪಾ ಅನ್ನುವುದು ಬೇರೆ ಚರ್ಚೆ. ಬ್ಯಾನ್ ಆಗದಿದ್ದರೂ ಕಂಪನಿಯೇ ಒಂದು ದಿನ ಸರ್ವರ್ ಮುಚ್ಚಬಹುದು. ಸಾವಿರ ರೂಪಾಯಿಯ ಪ್ಯಾಕ್ ಒತ್ತುವ ಮೊದಲು ಇದು ನೆನಪಿರಲಿ.

ಜಾಹೀರಾತು ನೋಡಿ ಮಾತ್ರ ಯಾವ ಗೇಮೂ ಇಳಿಸಿಕೊಳ್ಳಬೇಡಿ. ಪಿನ್ ಎಳೆದು ರಾಜನನ್ನು ಬದುಕಿಸುವುದು, ಗೇಟಿನೊಳಗೆ ಓಡಿ ಪಡೆ ಎರಡು ಪಟ್ಟು ಮಾಡುವುದು ಅಂತೆಲ್ಲ ತೋರಿಸುತ್ತಾರೆ. ಒಳಗೆ ಹೋದರೆ ಅದು ಆರಂಭದಲ್ಲಿ ಸ್ವಲ್ಪ, ಇಲ್ಲವೇ ಎಲ್ಲೋ ಮೂಲೆಯಲ್ಲಿ, ಉಳಿದದ್ದೆಲ್ಲ ಅದೇ ಕೋಟೆ, ಅದೇ ಶೀಲ್ಡ್, ಅದೇ ಪ್ಯಾಕ್. 2020ರಲ್ಲಿ ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆ ಹೋಮ್‌ಸ್ಕೇಪ್ಸ್, ಗಾರ್ಡನ್‌ಸ್ಕೇಪ್ಸ್ ಗೇಮ್‌ಗಳ ಇಂಥದ್ದೇ ಎರಡು ಜಾಹೀರಾತು ದಾರಿ ತಪ್ಪಿಸುತ್ತವೆ ಅಂತ ಬ್ಯಾನ್ ಮಾಡಿತ್ತು. ಅವು ಪಜಲ್ ಗೇಮ್‌ಗಳು, ಆದರೆ ಚಾಳಿ ಒಂದೇ. ಇಲ್ಲಿಯೂ ಯಾರಾದರೂ ಕೇಳಬೇಕು.

ಈಗ ಖುಷಿಯಿಂದ ಹೇಳುವ ಭಾಗ. ದಿ ಬ್ಯಾಟಲ್ ಆಫ್ ಪಾಲಿಟೋಪಿಯಾ. ಸ್ವೀಡನ್ನಿನ ಒಂದು ಸಣ್ಣ ಕಂಪನಿ, ಮಿಡ್‌ಜಿವಾನ್, ಮಾಡಿದ್ದು, 2016ರಿಂದ ಉಂಟು. ನೀವು ಒಂದು ಬುಡಕಟ್ಟಿನ ನಾಯಕ, ಒಂದು ಊರಿನಿಂದ ಶುರು, ಒಬ್ಬರಾದ ಮೇಲೆ ಒಬ್ಬರು ನಡೆ ಇಡಬೇಕು. ಫೋನಿನಲ್ಲೇ ಕಂಪ್ಯೂಟರ್ ಎದುರು ಆಡಲು ನೆಟ್ ಬೇಡ. ಕಾಯುವ ಗಡಿಯಾರ ಇಲ್ಲ, ಶೀಲ್ಡ್ ಇಲ್ಲ, ನೀವು ಮಲಗಿದಾಗ ಯಾರೂ ಬಂದು ಸುಡುವುದಿಲ್ಲ. ನಾಲ್ಕು ಬುಡಕಟ್ಟು ಪುಕ್ಕಟೆ, ಬೇರೆಯದು ಬೇಕಾದರೆ ಒಂದೇ ಸಲ ದುಡ್ಡು ಕೊಟ್ಟು ಕೊಳ್ಳಬೇಕು, ಕೊಂಡದ್ದು ಹೆಚ್ಚು ಬಲಶಾಲಿ ಅಂತೇನಿಲ್ಲ, ಆಡುವ ರೀತಿ ಬೇರೆ ಅಷ್ಟೇ.

ಇದರ ಆಳ ಶುರುವಿನಲ್ಲಿ ಕಾಣುವುದಿಲ್ಲ. ಪರ್ಫೆಕ್ಷನ್ ಅನ್ನುವ ವಿಧದಲ್ಲಿ 30 ನಡೆ ಮಾತ್ರ, ಅಷ್ಟರಲ್ಲಿ ಎಷ್ಟು ಅಂಕ ಮಾಡುತ್ತೀರಿ ಅನ್ನುವುದು ಲೆಕ್ಕ. ಇಲ್ಲಿ ಸ್ಟಾರ್ ಅಂದರೆ ಆಟದೊಳಗಿನ ನಾಣ್ಯ, ಒಬ್ಬ ಸಾಮಾನ್ಯ ವಾರಿಯರ್‌ಗೆ (ಸೈನಿಕನಿಗೆ) 2 ಸ್ಟಾರ್ ಬೆಲೆ. ನಿಮ್ಮ ಊರುಗಳು ಹೆಚ್ಚಾದ ಹಾಗೆ ಹೊಸ ವಿದ್ಯೆ ಕಲಿಯುವ ಬೆಲೆಯೂ ಏರುತ್ತದೆ. ಹಾಗಾಗಿ ಬೇಗ ಬೇಗ ಊರು ಹಿಡಿಯಬೇಕಾ, ಮೊದಲು ಬೇಟೆ, ಮೀನು, ಕಾಡು ಅಂತ ಅಗ್ಗದ ವಿದ್ಯೆ ಕಲಿತು ಇದ್ದ ಊರನ್ನೇ ಬೆಳೆಸಬೇಕಾ ಅನ್ನುವ ತಲೆಬಿಸಿ ಮೊದಲ ಐದು ನಡೆಗಳಲ್ಲೇ ಬರುತ್ತದೆ. ಅಲ್ಲಿ ಮಾಡಿದ ತಪ್ಪು ಹದಿನೈದನೇ ನಡೆಗೆ ಬಂದು ಎದುರು ನಿಲ್ಲುತ್ತದೆ, ಆಗ ಸ್ಪಷ್ಟವಾಗಿ ತಿಳಿಯುತ್ತದೆ ಇದು ಎಲ್ಲಿಂದ ಶುರುವಾಯಿತು ಅಂತ. ಮಂಗಳೂರಿನಿಂದ ಉಡುಪಿಗೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕೂತರೆ ಒಂದು ಆಟ ಆರಾಮದಲ್ಲಿ ಮುಗಿಯುತ್ತದೆ, ನೆಟ್‌ವರ್ಕ್ ಹೋದರೂ ಬಂದರೂ ಲೆಕ್ಕವಿಲ್ಲ. ಆನ್‌ಲೈನ್‌ನಲ್ಲಿ ಗೆಳೆಯರ ಜೊತೆ ಆಡಬೇಕಾದರೆ ಒಂದು ಬುಡಕಟ್ಟನ್ನಾದರೂ ಕೊಳ್ಳಬೇಕು. ಟೀಚರ್ ಅಕ್ಕ ಕೊಂಡರು. ಫೋನಿನ ಗೇಮ್‌ಗೆ ಅವರು ಕೊಟ್ಟ ಮೊದಲ ದುಡ್ಡು ಅದು, ಸಂತೋಷದಿಂದ ಕೊಟ್ಟೆ ಅಂದರು. ದುಡ್ಡು ಕೇಳುವ ರೀತಿ ಹೀಗಿರಬೇಕು.

ಒಂದು ರೂಪಾಯಿಯೂ ಕೊಡಲು ಇಷ್ಟವಿಲ್ಲ, ಜಾಹೀರಾತೂ ಬೇಡ ಅನ್ನುವವರಿಗೆ ಯುನ್‌ಸಿವ್. ಕಂಪ್ಯೂಟರಿನ ಸಿವಿಲೈಸೇಶನ್ 5 ಆಟದ ನಿಯಮಗಳನ್ನು ಫೋನಿಗೆ ತಂದಿರುವ ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿರುವ) ಗೇಮ್. ಅಂಗಡಿ ಇಲ್ಲ, ಪ್ಯಾಕ್ ಇಲ್ಲ, ಹಳೆಯ ಫೋನಿನಲ್ಲೂ ನಡೆಯುತ್ತದೆ. ನೋಡಲು ಚೆಂದ ಅಂತ ಹೇಳಲಾರೆ, ಚಿತ್ರಗಳು ತೀರಾ ಸರಳ, ಮೊದಲ ದಿನ ಪರದೆ ತುಂಬ ಅಂಕೆ ಕಂಡು ಗಾಬರಿಯಾಗುತ್ತದೆ. ಒಂದು ವಾರ ಹಿಡಿದುಕೊಂಡರೆ ಬಿಡಲು ಆಗುವುದಿಲ್ಲ. ಚೆಸ್ ಇಷ್ಟ ಇರುವವರಿಗೆ ಲಿಚೆಸ್ ಅನ್ನುವ ಆನ್‌ಲೈನ್ ಚೆಸ್ ತಾಣ ಹೇಗೂ ಉಂಟು, ಜಾಹೀರಾತಿಲ್ಲ, ಎಲ್ಲವೂ ಎಲ್ಲರಿಗೂ ಪುಕ್ಕಟೆ, ಜನ ಕೊಡುವ ದೇಣಿಗೆಯಿಂದ ನಡೆಯುತ್ತದೆ. ಇಂಥವನ್ನು ನೋಡಿದಾಗ ಫ್ರೀ ಅಂತ ಬರೆದು ಜೇಬಿಗೆ ಕೈ ಹಾಕುವವರ ಮೇಲೆ ಸಿಟ್ಟು ಇನ್ನೂ ಜಾಸ್ತಿ ಆಗುತ್ತದೆ.

ಮಕ್ಕಳ ಕೈಗೆ ಫೋನ್ ಕೊಡುವವರಿಗೆ ಎರಡು ಮಾತು. 2025ರಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಟಗಳನ್ನು ನಿಲ್ಲಿಸಿತು. ಅದರಿಂದ ಈ ಗೇಮ್‌ಗಳೂ ನಿಂತವು, ಇನ್ನು ಭಯವಿಲ್ಲ ಅಂತ ಕೆಲವು ಅಪ್ಪ ಅಮ್ಮಂದಿರು ತಿಳಿದುಕೊಂಡಿದ್ದಾರೆ. ಹಾಗಿಲ್ಲ. ಇಲ್ಲಿ ಗೆದ್ದರೆ ದುಡ್ಡು ವಾಪಸ್ ಬರುವ ಪ್ರಶ್ನೆಯೇ ಇಲ್ಲ, ಹೋಗುವುದು ಮಾತ್ರ, ಹಾಗಾಗಿ ಇದು ಬೇರೆ ಲೆಕ್ಕ. ಪ್ಲೇ ಸ್ಟೋರ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಇಲ್ಲವೇ ಬೆರಳಚ್ಚು ಕೇಳುವ ಹಾಗೆ ಮಾಡಿ. ಕಾರ್ಡ್ ಅಥವಾ ಯುಪಿಐ ಸೇವ್ ಆಗಿದ್ದರೆ ತೆಗೆದುಹಾಕಿ. ಮಗು ಗೊತ್ತಿಲ್ಲದೆ ಒತ್ತಿಬಿಟ್ಟರೆ ಗಾಬರಿ ಬೇಡ, 48 ಗಂಟೆಯೊಳಗೆ ಗೂಗಲ್‌ಗೇ ನೇರ ರಿಫಂಡ್ ಕೇಳಿ. ಅದು ದಾಟಿದರೆ ಗೇಮ್ ಕಂಪನಿಯವರನ್ನು ಕೇಳಬೇಕಾಗುತ್ತದೆ, ಅದು ಉದ್ದದ ದಾರಿ.

ಯಾವುದು ಆಡಬೇಕು ಅಂತ ನೇರವಾಗಿ ಕೇಳಿದರೆ, ಗೆಳೆಯರ ಗುಂಪು ಇದ್ದರೆ ಕ್ಲ್ಯಾಶ್ ಆಫ್ ಕ್ಲ್ಯಾನ್ಸ್, ಒಬ್ಬರೇ ಇದ್ದರೆ ಪಾಲಿಟೋಪಿಯಾ. ಕೋಟೆಯ ಗೇಮ್‌ಗಳು ಬೇಡವೇ ಬೇಡ. ಸದ್ಯ ನಮ್ಮ ಕ್ಲ್ಯಾನ್‌ನಲ್ಲಿ ಜಾಗ ಉಂಟು, ಟೌನ್ ಹಾಲ್ ಎಷ್ಟೇ ಇರಲಿ, ವಾರ್ ದಿನ ಎರಡೂ ಅಟ್ಯಾಕ್ ಮಾಡಿದರೆ ಸಾಕು. ನೆಟ್ ಇಲ್ಲದೆ ಆಡುವ, ಪ್ಯಾಕ್ ಮಾರದ ಬೇರೆ ಸ್ಟ್ರಾಟಜಿ ಗೇಮ್ ನಿಮಗೆ ಗೊತ್ತಿದ್ದರೆ ತಿಳಿಸಿ, ಮಳೆಗಾಲಕ್ಕೆ ಬೇಕಾಗಿದೆ.